ಭಟ್ಟಿಯ ಮರಳು

ಅಪ್ಪ ಹತ್ತಿ ಉಬ್ಬಿಸಿದ.
ಹೆಗಲ ಮೇಲೆ ಬಿಲ್ಲು ಹೊತ್ತು ಹರಿಹರ, ಹೊನ್ನಾಳಿ,
ಟಂಯ್ ಟಂಯ್ ಅನ್ನಿಸುತ್ತ ಬೀದಿ ಅಲೆದ,
ಒಂದು ಮೂಟೆಯನ್ನು ಮೂರು ಮೂಟೆ ಮಾಡಿದ.
ನಾನು ಅಕ್ಕಿ ಉಬ್ಬಿಸುತ್ತೇನೆ.
ದಾವಣಗೆರೆಯ ಭಟ್ಟಿ ಸಾಲಿನಲ್ಲಿ, ಕಪ್ಪಾದ ತಗಡಿನ ಕೆಳಗೆ,
ಬೆಳಗಿನ ಮೂರಕ್ಕೆ ಹೊಟ್ಟಿನ ಬೆಂಕಿ ಎಬ್ಬಿಸಿ
ಕಾದ ಮರಳಿಗೆ ಕಾಳು ಸುರಿದರೆ
ಐದು ಎಣಿಸುವುದರೊಳಗೆ ಮಂಡಕ್ಕಿ.
ಒಂದು ಸೇರು ಹಾಕಿ ಎಂಟು ಸೇರು ತೆಗೆಯುತ್ತೇವೆ.
ಉಳಿದ ಏಳು ಗಾಳಿ.
ನಾನು ಹೇಳಿದ್ದಲ್ಲ, ಅಮ್ಮ ಹೇಳುವುದು.

ಮಾಬುನ್ನಿಗೆ ಐದು ತಿಂಗಳು.
ಆಸ್ಪತ್ರೆ ಚೀಟಿಯಲ್ಲಿ ರಕ್ತ ಎಂಟೂವರೆ ಅಂತಿತ್ತು.
ಎಷ್ಟಿರಬೇಕಿತ್ತು ಅಂತ ಕೇಳಲಿಲ್ಲ,
ಸೇರಿನ ಲೆಕ್ಕದವನಿಗೆ ಎಂಟು ಸಾಕೆನಿಸಿತ್ತು.
ಗುಳಿಗೆ ಕೊಟ್ಟರು. ನುಂಗಿದರೆ ವಾಂತಿ, ಬಿಟ್ಟರೆ ಸುಸ್ತು.
ಮನೆಯಲ್ಲಿ ಇದ್ದದ್ದಾದರೂ ಏನು?
ಬಿಳೀ ಅಕ್ಕಿ, ಚಹಾ, ಬನ್ನು,
ಸಂಜೆ ನಾನು ತರುವ ಚೀಲದ ಮಂಡಕ್ಕಿ, ಕರಿದ ಮೆಣಸಿನಕಾಯಿ.
ತಿನ್ನುತ್ತಿದ್ದಳು. ತಿಂದ ಕೈ ತೊಳೆಯುವ ಮೊದಲೇ
ಹಸಿವು ಅನ್ನುತ್ತಿದ್ದಳು.

ಒಂದು ರಾತ್ರಿ ನನ್ನ ಅಂಗಿ ಒಗೆಯಲು ಎತ್ತಿಕೊಂಡವಳು
ತೋಳಿನ ಮಡಿಕೆಗೆ ನಾಲಗೆ ಇಟ್ಟದ್ದು ಕಂಡೆ.
"ಏನೇ ಅದು?"
"ಏನಿಲ್ಲ. ನಿಮ್ಮ ಭಟ್ಟಿ ಮರಳು.
ಮೊದಲ ಮಳೆ ಬಿದ್ದ ಹೊಲದಂಗೆ ವಾಸನೆ ಬರ್ತೈತಿ.
ಒಂದು ಹಿಡಿ ತಂದ್ಕೊಡ್ತೀರಾ?"

ಬಸುರಿ ಕೇಳಿದ್ದಕ್ಕೆ ಇಲ್ಲ ಅನ್ನಬಾರದಂತೆ.
ತಂದುಕೊಟ್ಟೆ, ಕಾಗದದಲ್ಲಿ ಪೊಟ್ಟಣ ಕಟ್ಟಿ,
ಕೊಬ್ಬರಿ ಮಿಠಾಯಿ ತಂದವನ ಹಾಗೆ, ನಾಲ್ಕು ದಿನ.

ಐದನೆಯ ದಿನ ಸೆರಗಿನ ಗಂಟು ಅಮ್ಮನ ಕೈಗೆ ಸಿಕ್ಕಿತು.
ಬೈಗುಳ ಶುರುವಾಗುವ ಮೊದಲೇ ನಾನು ಚಪ್ಪಲಿ ಮೆಟ್ಟಿದೆ.
ಖಾಸೀಂಬಿ ಬೈಯಲಿಲ್ಲ.
ಒಂದು ಚಿಟಿಕೆ ತಾನೂ ಬಾಯಿಗೆ ಹಾಕಿಕೊಂಡು, ಉಗುಳಿ,
"ನಮ್ಮ ಗೋಡೆ ಇದಕ್ಕಿಂತ ರುಚಿ ಇತ್ತು" ಅಂದಳು.
"ಇವನು ಹೊಟ್ಟೆಯಾಗಿದ್ದಾಗ
ಅಡುಗೆಮನೆ ಗೋಡೆ ಮೊಳದುದ್ದ ಕೆರೆದು ತಿಂದೆ.
ಕೂಸು ದಪ್ಪಾದ್ರೆ ಹಡೆಯೋದು ಕಷ್ಟ ಅಂತ
ಅತ್ತೆ ರೊಟ್ಟಿ ಮುರಿದು ಅರ್ಧ ಇಡ್ತಿದ್ಲು.
ಇನ್ನರ್ಧ ಗೋಡೆ ಕೊಡ್ತು.
ಮಣ್ಣು ಬೇಕನ್ನಿಸಿದ್ರೆ, ಮಗಳೇ,
ಮಣ್ಣಾಗಿಂದ ಎದ್ದದ್ದು ತಿನ್ನಬೇಕು."

ನನ್ನ ಕಡೆ ತಿರುಗಿದಳು.
"ಹೆಂಗೂ ಚಪ್ಪಲಿ ಮೆಟ್ಟೀಯಲ್ಲ, ಹೋಗು.
ರಾಗಿ. ಹುರುಳಿ. ಜಗಳೂರು ಕಡೆಯೋರು ಸಂತೆಗೆ ತರ್ತಾರೆ, ನವಣೆ.
ಪಾಲಿಶ್ ಹೊಡೆದದ್ದು ಬ್ಯಾಡ, ಬ್ಯಾಳಿ ಒಡೆದದ್ದು ಬ್ಯಾಡ,
ಇಡೀ ಕಾಳು ತಾ. ಇಡೀ ಕಾಳು ಕಂಡೀಯೇನು
ಜನ್ಮದಾಗೆ?"

ರೈಲು ಹಳಿಯ ಪಕ್ಕದ ನುಗ್ಗೆ ಮರ
ಆ ತಿಂಗಳು ಬೋಳಾಯಿತು.
ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿದ ಹುರುಳಿ
ರಾತ್ರಿಯೆಲ್ಲ ನಮ್ಮ ತಲೆದೆಸೆಯಲ್ಲೇ ಮೊಳೆಯುತ್ತಿತ್ತು.
ಶುಕ್ರವಾರ ಕುರಿಯ ಕಾಳಿಜ, ಜೀರಿಗೆ, ಕರಿಮೆಣಸು.
ಅಗಸೆ ಹುರಿದು ಕುಟ್ಟುವ ಸದ್ದಿಗೆ
ಪಕ್ಕದ ಮನೆಯ ಹಿರಿಯಮ್ಮ ಇಣುಕಿ
"ಹುರುಳಿ ಉಷ್ಣ ಕಣ್ರೀ ಬಸುರಿಗೆ" ಅಂದಳು.
"ಹಸಿವಿಗಿಂತ ಉಷ್ಣ ಯಾವುದೈತ್ರೀ?"
ಒನಕೆ ನಿಲ್ಲಲಿಲ್ಲ.
ಗುಳಿಗೆಯನ್ನೂ ಬಿಡಗೊಡಲಿಲ್ಲ ಅಮ್ಮ, ಅದರ ಹಿಂದೆ ಲಿಂಬೆ ಶರಬತ್ತು.
ಬಿಡಿಸಿದ್ದು ಚಹಾ ಒಂದೇ. ಅದಕ್ಕೆ ಮಾಬುನ್ನಿ ಅತ್ತಳು.
ಮುದ್ದೆಗೆ ಅತ್ತದ್ದು ಇನ್ನೂ ಜಾಸ್ತಿ, ಮೊದಲ ವಾರ,
ಅಗಿಯಬಾರದು ನುಂಗಬೇಕು ಅಂತ ಕಲಿಯುವವರೆಗೆ.

ಎಂಟನೆಯ ತಿಂಗಳು. ಚೀಟಿಯಲ್ಲಿ ಹತ್ತು, ಮೇಲೆ ಒಂದು ಚೂರು.
ನರ್ಸಮ್ಮ ಅದಕ್ಕೆ ನಕ್ಕಳೂ ಇಲ್ಲ, ಗದರಲೂ ಇಲ್ಲ.
ಅವತ್ತು ಸಂಜೆ ಮಾಬುನ್ನಿ ನನ್ನ ಅಂಗಿ ಎತ್ತಿ
ಹೊಸ್ತಿಲಾಚೆ ಎರಡು ಸಲ ಕೊಡವಿದಳು.
"ಥೂ, ಬರೀ ಹೊಗೆ ವಾಸನೆ."
ಒಂದು ಕೈ ಸೊಂಟದ ಮೇಲೆ, ಒಳಗೆ ಹೋದಳು,
ನೆಲಕ್ಕೆ ಭಾರ ತಿಳಿಯುವ ಹಾಗೆ.

ಮರುದಿನ ಮೂರಕ್ಕೆ, ಬೆಂಕಿ ಇನ್ನೂ ಏಳುವ ಮೊದಲು,
ಯಾರೂ ಇಲ್ಲದ್ದು ನೋಡಿ
ತಣ್ಣನೆಯ ಮರಳು ಒಂದು ಚಿಟಿಕೆ ನಾಲಗೆಗಿಟ್ಟೆ.
ಉಪ್ಪು.
ಅಕ್ಕಿಗೆ ಸವರಿದ್ದೋ, ನನ್ನದೋ.